ಪುನರ್ಪುಳಿ ರಸದಲ್ಲಿ ಸೀಸ ಹುಡುಕಿದ್ದು

ಸಾರು ರಕ್ತದಷ್ಟು ಕೆಂಪಗಿರುವುದನ್ನು ನಾನು ಮೊದಲು ಕಂಡದ್ದು ಪರ್ಕಳದ ಬಾಡಿಗೆ ಮನೆಯಲ್ಲಿ, ಒಂದು ಭಾನುವಾರ. ಅಂದು ಬೆಳಿಗ್ಗೆ ಅಂಗಳದಲ್ಲಿ ಇದ್ದಿಲು ಉರಿಸಿ ನಮ್ಮ ಹಿತ್ತಾಳೆ ಬೋಗುಣಿಗೆ ನಾನೇ ಕಲಾಯಿ ಹಾಕಿದ್ದೆ. ಕಾದ ಪಾತ್ರೆಗೆ ನವಸಾಗರ ಉದುರಿಸಿ, ತವರ ಸವರಿ, ಅರಳೆಯಿಂದ ಉಜ್ಜಿದಾಗ ಒಳಗೆಲ್ಲ ಬೆಳ್ಳಿಯಂತೆ ಹೊಳೆಯಿತು. ಮಧ್ಯಾಹ್ನ ನನ್ನ ಹೆಂಡತಿ ಗಂಗವ್ವ ಅದರಲ್ಲೇ ಪುನರ್ಪುಳಿ ಸಾರು ಮಾಡಿದಳು. ಒಣಗಿಸಿದ ಈ ಹುಳಿಹಣ್ಣಿನ ಸಿಪ್ಪೆ ಇಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ. ಕಲಿಸಿದವರು ಮನೆಯೊಡತಿ ಸೆವ್ರಿನ್ ಬಾಯಮ್ಮ.

ನಾನು ಒಂದು ಗುಟುಕು ಕುಡಿದು ಮುಖ ಹಿಂಡಿದೆ.

"ಎಂತ ಮಾರಾಯ್ರೇ, ಘಟ್ಟದವರಿಗೆ ಹುಳಿ ಅಂದ್ರೆ ಅಷ್ಟು ಹೆದರಿಕೆಯಾ?" ಎಂದು ಬಾಯಮ್ಮ ನಕ್ಕರು. "ನಿಮ್ಮ ಹೆಂಡತಿಯನ್ನು ನೋಡಿ. ಒಂದು ತಿಂಗಳಲ್ಲಿ ನಮ್ಮವರೇ ಆಗ್ತಾರೆ."

"ಅವ್ರು ಮೊಸರನ್ನ ಉಣ್ಣಲಿ ಬಿಡ್ರಿ, ನನಗ ಇನ್ನೊಂದು ಲೋಟ ಸಿಗ್ತೈತಿ," ಎಂದಳು ಗಂಗವ್ವ.

ಕೇಡು ಶುರುವಾದದ್ದು ಅಂದೇ ಇರಬಹುದು ಎಂದು ಈಗ ಅನ್ನಿಸುತ್ತದೆ.

ಕಾಕಾ, ಗದಗಿನಲ್ಲಿ ನಮ್ಮಪ್ಪ ಪಾತ್ರೆ ಅಂಗಡಿಯಲ್ಲಿ ಕೆಲಸಕ್ಕಿದ್ದುದು ನಿಮಗೆ ಗೊತ್ತು. ಕಲಾಯಿ ಕೆಲಸವನ್ನು ನಾನು ಕಲಿತದ್ದು ಅಲ್ಲೇ. ಮಣಿಪಾಲದಲ್ಲಿ ಕಾಲೇಜಿನ ರಸಾಯನ ಪ್ರಯೋಗಶಾಲೆಯಲ್ಲಿ ಗಾಜು ತೊಳೆಯುವ ಕೆಲಸ ಸಿಕ್ಕಿತೆಂದು ಇಲ್ಲಿಗೆ ಬಂದೆವು. ಊರಿನಲ್ಲಿ ಕೆರೆಯ ನೀರಿಗೆ ಕೊಡ ಹಿಡಿದು ಕಾಯುತ್ತಿದ್ದ ಗಂಗವ್ವನಿಗೆ ಇಲ್ಲಿ ಮನೆಗೊಂದು ಬಾವಿ ಇರುವುದೇ ದೊಡ್ಡ ಬೆರಗು. ನನಗೆ ರೊಟ್ಟಿಯಿಲ್ಲದೆ ಹೊಟ್ಟೆ ತುಂಬುತ್ತಿರಲಿಲ್ಲ. ಅವಳು ಆರು ತಿಂಗಳಲ್ಲಿ ತುಳುವಿನಲ್ಲಿ ಮೀನಿನವಳ ಹತ್ತಿರ ಹರಟೆ ಹೊಡೆಯುವಷ್ಟಾದಳು, ಮೀನು ತಿನ್ನದಿದ್ದರೂ. ದಿನವೂ ಆ ಬೋಗುಣಿಯಲ್ಲೇ ಹುಳಿ ಸಾರು, ಅವಳೊಬ್ಬಳಿಗೇ. ಉಳಿದದ್ದು ಮರುದಿನದವರೆಗೂ ಅದರಲ್ಲೇ.

ಆಮೇಲೆ ಅವಳಿಗೆ ಹೊಟ್ಟೆ ಹಿಂಡುವ ನೋವು ಶುರುವಾಯಿತು. ಮುಖ ಬಿಳಚಿತು, ಕೈ ಸೋತಿತು. ವೈದ್ಯರು ರಕ್ತ ಕಡಿಮೆ ಎಂದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಇರಲಿಲ್ಲ. ಅವಳ ಅಣ್ಣ ಊರಿನಿಂದ ಬಂದ. ನಮ್ಮಲ್ಲಿಯ ಪದ್ಧತಿಯಂತೆ ಅವಳ ಸೀರೆಯನ್ನೂ ಬೋಗುಣಿಯನ್ನೂ ದಾನ ಕೊಟ್ಟೆವು.

ಮರುವರ್ಷ ನಮ್ಮ ಕಾಲೇಜಿನಲ್ಲಿ ಪಾಠ ಮಾಡುವ ಕಾರ್ಕಳದ ಪ್ರಭಾಕರ ಮಾಸ್ಟ್ರು ಪ್ರಯೋಗಶಾಲೆಯಲ್ಲಿ ಹೊಸ ಕೆಲಸ ಹಿಡಿದರು. ಕಾಪುವಿನ ಬಾವಿಗಳ ನೀರು ತಂದು ಅದರಲ್ಲಿ ಯಾವ ಲೋಹ ಎಷ್ಟಿದೆ ಎಂದು ಹುಡುಕುವುದು. ಒಂದು ಕರಿಯ ಕಡ್ಡಿಯ ತುದಿಗೆ ಪಾದರಸದ ಪೊರೆ ಹಿಡಿಸಿ ನೀರಿನಲ್ಲಿ ಅದ್ದುತ್ತಿದ್ದರು. ವಿದ್ಯುತ್ ಹಾಯಿಸಿದರೆ ನೀರಿನಲ್ಲಿದ್ದ ಲೋಹ ಬಂದು ಪೊರೆಯಲ್ಲಿ ಸೇರುತ್ತದೆ. ವಿದ್ಯುತ್ತನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರೆ ಪೊರೆ ಬಿಟ್ಟು ಹೊರಡುತ್ತದೆ. ಹೊರಡುವಾಗ ಯಂತ್ರದ ಪೆನ್ನು ಕಾಗದದ ಮೇಲೆ ಸಣ್ಣ ಗುಡ್ಡ ಬರೆಯುತ್ತದೆ.

"ಸತುವಿಗೆ ಒಂದು ಜಾಗ, ಸೀಸಕ್ಕೆ ಇನ್ನೊಂದು. ಕಣ್ಣಿಗೆ ಕಾಣದಷ್ಟು ಇದ್ದರೂ ಗುಡ್ಡ ಏಳ್ತದೆ," ಎಂದರು ಮಾಸ್ಟ್ರು.

"ಸೀಸ ಇದ್ದರೆ ಏನಾಗ್ತದ್ರೀ?"

"ದಿನಾ ಹೊಟ್ಟೆಗೆ ಹೋದರೆ ವಿಷ ಅಲ್ವಾ? ಹೊಟ್ಟೆ ಹಿಂಡ್ತದೆ. ಮುಖ ಬಿಳಚ್ತದೆ. ಕೈಯಲ್ಲಿ ಶಕ್ತಿ ಉಳಿಯುವುದಿಲ್ಲ."

ತೊಳೆಯುತ್ತಿದ್ದ ಗಾಜಿನ ಲೋಟವನ್ನು ಕೆಳಗಿಟ್ಟು, ಬೋಗುಣಿಗೆ ಸವರಿದ ತವರವನ್ನು ನೆನೆದೆ.

ಶುದ್ಧ ತವರದ ಕಡ್ಡಿ ಬಾಗಿಸಿದರೆ ಕಿರ್ ಎನ್ನುತ್ತದೆ. ಅಗ್ಗವಾಗಲೆಂದು ಸೀಸ ಹೆಚ್ಚು ಬೆರೆಸಿದ್ದು ಸುಮ್ಮನೆ ಬಾಗುತ್ತದೆ. ಕಿವಿಯ ಹತ್ತಿರ ಹಿಡಿದು ಬಾಗಿಸದೆ ಅಪ್ಪ ಒಂದು ತುಂಡನ್ನೂ ಪಾತ್ರೆಗೆ ಮುಟ್ಟಿಸುತ್ತಿರಲಿಲ್ಲ. ಆ ಭಾನುವಾರ ಉಡುಪಿ ಪೇಟೆಯಿಂದ ತಂದ ಕಡ್ಡಿಯನ್ನು ನಾನು ಬಾಗಿಸಿದ್ದೆನೇ? ಎಷ್ಟು ನೆನೆದರೂ ಆ ಸದ್ದು ಬರುವುದಿಲ್ಲ. ಬಾವಿಯ ರಾಟೆ ಕಿರ್ ಎಂದರೂ ನಾನು ನಿಂತು ಕೇಳುತ್ತೇನೆ.

ಬೋಗುಣಿ ಹೋಗಿತ್ತು. ಆದರೆ ಅದರಲ್ಲಿ ಅವಳು ಕುದಿಸಿ ಬಾಟಲಿಗೆ ತುಂಬಿಟ್ಟಿದ್ದ ಪುನರ್ಪುಳಿ ರಸ ಅರ್ಧ ಉಳಿದಿತ್ತು. ಮಾಸ್ಟ್ರಿಗೆ ಎಲ್ಲವನ್ನೂ ಹೇಳಿದೆ.

"ತನ್ನಿ," ಎಂದರು ಅವರು. "ಆದರೆ ಇದ್ದಷ್ಟನ್ನೂ ಆಮ್ಲ ಹಾಕಿ ಬತ್ತಿಸಬೇಕು. ಆಮೇಲೆ ಒಂದು ತೊಟ್ಟೂ ಉಳಿಯುವುದಿಲ್ಲ, ಆಗಬಹುದಾ?"

ಆಗಬಹುದು ಎಂದೆ.

ಪರೀಕ್ಷೆಯ ಹಿಂದಿನ ದಿನ ಅದಕ್ಕೆಂದು ಎರಡು ಗಾಜಿನ ಪಾತ್ರೆ ತೊಳೆದಿಟ್ಟೆ. ಪ್ರಯೋಗಶಾಲೆಯಲ್ಲಿ ಆಮ್ಲದಲ್ಲಿ ನೆನೆಸಿ ತೊಳೆಯುವುದು ಕ್ರಮ. ಅವಳ ಕೈಯ ಕೊನೆಯ ವಸ್ತುವಿಗೆ ಅಷ್ಟು ಸಾಲದು ಎನ್ನಿಸಿತು. ಗದಗಿನ ಆ ಅಂಗಡಿಯಲ್ಲಿ ಹುಣಸೆಹಣ್ಣು, ಬೂದಿ ಮುಟ್ಟದ ಪಾತ್ರೆಯನ್ನು ಯಾರೂ ಶುದ್ಧ ಎನ್ನುತ್ತಿರಲಿಲ್ಲ. ಆಮ್ಲದಲ್ಲಿ ನೆನೆಸಿದ್ದನ್ನೇ ಮತ್ತೆ ಮನೆಯ ಒಲೆಯ ಬೂದಿಯಿಂದ ತಿಕ್ಕಿ ತಿಕ್ಕಿ ತೊಳೆದೆ.

ಮರುದಿನ ಮಾಸ್ಟ್ರು ಮೊದಲ ಪಾತ್ರೆಯಲ್ಲಿ ರಸ ಬತ್ತಿಸಿ ಕಡ್ಡಿ ಅದ್ದಿದರು. ಪೆನ್ನು ಸೀಸದ ಜಾಗಕ್ಕೆ ಬಂದಾಗ ಗುಡ್ಡ ಎದ್ದಿತು. ಮಾಸ್ಟ್ರು ಹೋಲಿಸಿ ನೋಡಲು ಎರಡನೆಯ ಪಾತ್ರೆಯಲ್ಲಿ ಬರಿಯ ಆಮ್ಲ, ಶುದ್ಧ ನೀರು ಬತ್ತಿಸಿ ಮತ್ತೆ ಕಡ್ಡಿ ಅದ್ದಿದರು. ಅದೇ ಜಾಗದಲ್ಲಿ ಹೆಚ್ಚುಕಡಿಮೆ ಅಷ್ಟೇ ಗುಡ್ಡ.

"ಇದನ್ನು ಎಂತದರಲ್ಲಿ ತೊಳೆದದ್ದು ನೀವು?"

ಹೇಳಿದೆ. ಅವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟರು. "ಬೂದಿಯಲ್ಲಿ ಸೀಸವೂ ಉಂಟು ಮಾರಾಯ್ರೇ, ಯಾವ ಪಾತ್ರೆಗೆ ಎಷ್ಟು ಅಂಟಿತೋ ಗೊತ್ತಾಗುವುದಿಲ್ಲ. ಇನ್ನು ಇದರಲ್ಲಿ ರಸದ್ದು ಎಷ್ಟು, ಬೂದಿಯದ್ದು ಎಷ್ಟು ಅಂತ ನನಗೆ ಹೇಳ್ಲಿಕ್ಕೆ ಆಗುವುದಿಲ್ಲ."

ಊರಿಗೆ ಬಂದುಬಿಡು ಎಂದು ನೀವು ಕಾಗದ ಬರೆಯುತ್ತೀರಿ, ಕಾಕಾ. ಅಲ್ಲಿ ಅವಳ ತಾಯಿ ಇದ್ದಾರೆ, ಮಗಳಿಗೆ ಏನಾಗಿತ್ತು ಎಂದು ಕೇಳುತ್ತಾರೆ. ಇಲ್ಲಿ ಬಾಯಮ್ಮ ಏನೂ ಕೇಳುವುದಿಲ್ಲ, ಆದರೆ ನಾನು ಇಲ್ಲಿಯವನಲ್ಲ. ಇಲ್ಲಿಯವಳಾದದ್ದು ಅವಳು. ಅವಳನ್ನು ಕೊಂದದ್ದು ನನ್ನ ಕಲಾಯಿಯೋ ಅಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.