ದೂತನ ಪಾತ್ರ ಬೇಡ

ದೂತ ಎಲ್ಲಕ್ಕಿಂತ ದುರ್ಬಲ ಪಾತ್ರ ಎಂದು ಆಗ ಎಲ್ಲರೂ ನಂಬಿದ್ದೆವು. ಗೆಳತಿ ಸವಿತಾ ರೂಪಿಸಿದ್ದು ಮೇಜಿನ ಸುತ್ತ ಕುಳಿತು ಪಾತ್ರವಾಗಿ ಆಡುವ ಆಟ. ಯೋಧನಿಗೆ ಕತ್ತಿ, ಮಾಂತ್ರಿಕನಿಗೆ ಮಂತ್ರ, ದೂತನಿಗೆ ಬಾಯಿ ಮಾತ್ರ. ದಾಳದ ಲೆಕ್ಕ ಹಾಕಿ ಪಾತ್ರಗಳ ಬಲ ಸರಿದೂಗಿಸುವುದು ನನ್ನ ಕೆಲಸ. ದೂತನನ್ನು ಕಿತ್ತುಹಾಕು ಎಂದಿದ್ದೆ. ಅದು ಅವಳ ಮೆಚ್ಚಿನ ಪಾತ್ರ. ಮರುದಿನ ಪಾತ್ರಗಳ ಕಾರ್ಡುಗಳು ಅಚ್ಚಿಗೆ ಹೋಗಬೇಕಿತ್ತು. ತನ್ನೂರಾದ ಸಿದ್ದಾಪುರದಲ್ಲಿ ಕೊನೆಯದಾಗಿ ಒಮ್ಮೆ ಆಡಿಸಿ ನೋಡೋಣ ಎಂದಳು.

ಆಡಲು ಬಂದವರಲ್ಲಿ ಅವಳ ಸೋದರಮಾವ ಹೆಗಡೇರೂ ಇದ್ದರು. ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ಅವರು ದೂತನ ಕಾರ್ಡನ್ನೇ ಎತ್ತಿಕೊಂಡರು.

"ಅದು ಬೇಡ ಹೆಗಡೇರೇ, ಮೊದಲ ಸುತ್ತಿಗೇ ಸಾಯ್ತೀರಿ."

"ಸಾಯ್ಸದು ಯಾರು?"

"ನಾನೇ. ಕಣಿವೆ ಕಾಯುವ ರಾಕ್ಷಸ."

"ಹಂಗಾರೆ ಮೊದ್ಲು ಹೇಳು ಮಾರಾಯ, ಈ ಕಣಿವೆ ಕಾಯಲೆ ನಿಂಗೆ ಹೇಳಿದವ ಯಾರು?"

ರಾಜ ಎಂದೆ. ರಾಜನಿಗೆ ಕಣಿವೆ ಕೊಟ್ಟವರು ಯಾರು ಎಂದರು. ಉತ್ತರ ಕೊಟ್ಟದ್ದೇ ತಪ್ಪಾಯಿತು. ಮುಕ್ಕಾಲು ಗಂಟೆಯಲ್ಲಿ, ನನ್ನ ರಾಜ ಅನ್ಯಾಯಗಾರನೆಂದು ನಾನೇ ಒಪ್ಪಿಕೊಂಡು ದಾರಿ ಬಿಟ್ಟಿದ್ದೆ. ಯೋಧನೂ ಮಾಂತ್ರಿಕನೂ ಎರಡನೇ ಚಹಾ ಮುಗಿಸಿದ್ದರು.

"ಈಗ ಕಿತ್ತುಹಾಕು ನೋಡಣ," ಎಂದಳು ಸವಿತಾ.

ದಾಳ ಒಲಿದಿದೆ ಅಷ್ಟೇ ಎಂದು ತೋರಿಸಲು, ಯಾರಿಗೆ ದಾಳ ಎಷ್ಟು ಬಿತ್ತೆಂದು ಬರೆದಿಟ್ಟ ನನ್ನ ಪಟ್ಟಿ ತೆರೆದೆ. ಹೆಗಡೇರು ಒಮ್ಮೆಯೂ ದಾಳ ಮುಟ್ಟಿರಲಿಲ್ಲ.