ಕಟ್ಟೆಯ ಮೇಲಿನ ಟ್ರಂಕು

ನಮ್ಮ ಕಾಕಿಯ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಹರೆಯದಲ್ಲಿ ಹಾಲು ಹಿಂಡಲು ಕೂತಾಗ ಎಮ್ಮೆ ತಲೆ ಕೊಡವಿತಂತೆ, ಕೊಂಬಿನ ತುದಿಗೆ ಓಲೆ ಸಿಕ್ಕಿ ಹರಿಯಿತಂತೆ. ಆ ಹರಿದ ಕಿವಿಗೇ ಮೊಬೈಲು ಒತ್ತಿ, ಇನ್ನೊಂದು ಕಿವಿಗೆ ಸೆರಗು ತುರುಕಿಕೊಂಡು ಅಣ್ಣನ ಜೊತೆ ಮಾತಾಡುತ್ತಿದ್ದಳು. ಮಾತೆಲ್ಲಿ, ಕೂಗಾಟ. ಫೋನಿಲ್ಲದಿದ್ದರೂ ಭೋಜದ ತನಕ ಕೇಳಿಸುತ್ತಿತ್ತು ಬಿಡಿ.

ಕಾಕಿ ಎಂದರೆ ನಮ್ಮಪ್ಪನ ತಮ್ಮನ ಹೆಂಡತಿ. ತವರು ನಿಪ್ಪಾಣಿ ಕಡೆಯ ಭೋಜ. ಕೊಟ್ಟದ್ದು ಇಲ್ಲಿ, ಅಥಣಿ ತಾಲ್ಲೂಕಿನ ಹೊಳೆದಂಡೆಗೆ, ಸತ್ತಿಯ ಆಸುಪಾಸಿನ ನಮ್ಮೂರಿಗೆ. ಕಾಕಾ ಬೇಗ ತೀರಿಕೊಂಡ, ಮಕ್ಕಳಿರಲಿಲ್ಲ. ನಮ್ಮವ್ವ ಕಬ್ಬಿನ ಹೊಲ ನೋಡಿಕೊಂಡರೆ ಕಾಕಿ ದನಗಳನ್ನೂ ನನ್ನನ್ನೂ ನೋಡಿಕೊಂಡಳು. ಎರಡಕ್ಕೂ ಬೈಗಳು ಒಂದೇ. ಮನೆಯಲ್ಲಿ ಕನ್ನಡ, ಸಿಟ್ಟಿಗೆದ್ದರೆ ಮರಾಠಿ. "ಮುಡದ್ಯಾ, ನಿನ್ನ ಬಾಯಾಗ ಮಣ್ಣ ಹಾಕ್ಲಿ" ಎಂದು ಅಟ್ಟಿಸಿಕೊಂಡು ಬಂದವಳೇ ಮರುಗಳಿಗೆಯಲ್ಲಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು "ತಿನ್ನ ಬಾಳಾ" ಎನ್ನುತ್ತಿದ್ದಳು. ಮುಡದ್ಯಾ ಎಂದರೆ ಮರಾಠಿಯಲ್ಲಿ ಹೆಣ, ಬಾಳಾ ಎಂದರೆ ಕೂಸು. ನನ್ನ ತಲೆ ನೆರೆತ ಮೇಲೂ ನಾನು ಅವಳಿಗೆ ಬಾಳಾನೇ.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮಲ್ಲಿ ನೆರೆ ಬರಲು ಮಳೆ ಬೇಕಾಗಿಲ್ಲ. ಘಟ್ಟದಲ್ಲಿ ಸುರಿದರೆ ಸಾಕು. ನಮ್ಮ ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುತ್ತದೆ, ಹೆಂಗಸರು ಅಂಗಳದಲ್ಲಿ ಜೋಳ ಒಣಹಾಕಿರುತ್ತಾರೆ, ಅಂಥ ಹೊತ್ತಿನಲ್ಲೇ ಹೊಳೆ ಸದ್ದಿಲ್ಲದೆ ಓಣಿಗೆ ಬಂದು ನಿಲ್ಲುತ್ತದೆ. ನಮಗಿಂತ ಮೊದಲು ನೀರು ಕಾಣುವುದು ಭೋಜದವರಿಗೆ. ವೇದಗಂಗೆ, ದೂಧಗಂಗೆ ಎರಡೂ ಅಲ್ಲಿ ಉಕ್ಕಿದ ಮೇಲೇ ನಮ್ಮ ಕೃಷ್ಣೆ ಉಬ್ಬುವುದು.

ಹೀಗಾಗಿ ನಮ್ಮ ಓಣಿಯ ಹವಾಮಾನ ಇಲಾಖೆ ಎಂದರೆ ಕಾಕಿಯ ಅಣ್ಣ. ಅವನನ್ನು ದಾದಾ ಎನ್ನುತ್ತಿದ್ದಳು, ಕೊನೆಗೆ ಊರೆಲ್ಲ ದಾದಾ ಎಂದೇ ಕರೆಯಿತು. ಅವನ ಊರಿನ ಸೇತುವೆ ಮುಳುಗಿತೆಂದರೆ ಸಾಕು, ತಂಗಿಗೆ ಫೋನು. "ಪಾಣಿ ವಾಢಲಂಯ ಗ ಬಾಯೆ." ನೀರು ಏರೈತಿ ತಂಗೀ, ಅಷ್ಟೇ ಮಾತು. ಕಾಕಿ ಯಾರಿಗೂ ಏನೂ ಹೇಳುತ್ತಿರಲಿಲ್ಲ. ತವರಿನಿಂದ ತಂದ ತಗಡಿನ ಟ್ರಂಕನ್ನು ದರದರ ಎಳೆದು ಕಟ್ಟೆಯ ಮೇಲೆ ಇಡುತ್ತಿದ್ದಳು. ಅದನ್ನು ಕಂಡದ್ದೇ ಎದುರುಮನೆಯವನು ಎಮ್ಮೆ ಬಿಚ್ಚುತ್ತಿದ್ದ. ಅವನನ್ನು ನೋಡಿ ಪಕ್ಕದವನು. ಸಂಜೆಯೊಳಗೆ ಇಡೀ ಓಣಿ ಊರಾಚೆಯ ಎತ್ತರದ ಮಡ್ಡಿಯ ಮೇಲಿನ ಕನ್ನಡ ಸಾಲಿಯಲ್ಲಿರುತ್ತಿತ್ತು. ದಾದಾನ ಮಾತು ಒಮ್ಮೆಯೂ ಹುಸಿಯಾದದ್ದು ನನಗೆ ನೆನಪಿಲ್ಲ.

ಪಂಚಮಿ ಬಂತೆಂದರೆ ಅದೇ ದಾದಾ ತಂಗಿಯನ್ನು ಕರೆಯಲು ಬರುತ್ತಿದ್ದ. ಇಬ್ಬರಿಗೂ ಹಲ್ಲು ಬಿದ್ದಿದ್ದವು, ಆದರೂ ಕರೆಯುವುದು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಚಾ ಬಸಿಗೆ ಸುರಿದುಕೊಂಡು "ಹೊಂಡ್ತೀಯೇನ, ಇಲ್ಲಾ ಎಮ್ಮಿ ಸಂಗಾಟ ಪಂಚಮಿ ಮಾಡ್ತೀ?" ಎಂದು ಕಾಡುತ್ತಿದ್ದ. ಕಾಕಿ ಮುಖ ಊದಿಸುತ್ತಿದ್ದಳು. ಆದರೆ ಅವಳ ಚೀಲ ಹಿಂದಿನ ದಿನವೇ ತಯಾರಾಗಿರುತ್ತಿತ್ತು. ಶೇಂಗಾ ಉಂಡಿ, ಎಳ್ಳುಂಡಿ, ಅಣ್ಣನಿಗೊಂದು ಟವೆಲ್ಲು, ಟೋಪಿ.

ಆ ವರ್ಷ ಪಂಚಮಿ ಶುಕ್ರವಾರ ಬಿತ್ತು. ಬೆನ್ನಿಗೇ ಎರಡನೇ ಶನಿವಾರ, ಆಮೇಲೆ ಭಾನುವಾರ. ಪುಣೆ, ಸಾಂಗಲಿಯಲ್ಲಿ ದುಡಿಯುವವರೆಲ್ಲ ಊರಿಗೆ ಬಂದಿದ್ದರು, ಬೇವಿನ ಗಿಡಕ್ಕೆ ಜೋಕಾಲಿ ಬಿದ್ದಿತ್ತು. ರಜೆಯ ಮೂರೂ ದಿನ ಘಟ್ಟದಲ್ಲಿ ಭಾರೀ ಮಳೆ, ಬಿರುಗಾಳಿ, ನದಿ ದಂಡೆಯವರು ಎಚ್ಚರದಿಂದಿರಬೇಕು ಎಂದು ಎಲ್ಲರ ಮೊಬೈಲಿಗೂ ಸರಕಾರದ ಸಂದೇಶ ಬಂದಿತ್ತು. ಆ ಆಷಾಢದಲ್ಲಿ ಇಂಥವು ಎಷ್ಟೋ ಬಂದು ಹೋಗಿದ್ದವು, ನೀರು ಮಾತ್ರ ಬಂದಿರಲಿಲ್ಲ.

"ಇದನ್ನ ಕೇಳ್ಕೊಂತ ಕುಂತ್ರ ಶ್ರಾವಣ ಪೂರಾ ಮಡ್ಡಿ ಮ್ಯಾಲ ಕಳೀಬೇಕಾಗತೈತಿ," ಎಂದ ಎದುರುಮನೆಯವನು. "ದಾದಾ ಫೋನ್ ಮಾಡ್ಯಾನೇನ್ ನೋಡ್ರಿ. ಮಾಡಿಲ್ಲಲ್ಲ? ಮತ್ಯಾಕ ಚಿಂತಿ?"

ಫೋನು ಗುರುವಾರ ಮುಂಜಾನೆ ಬಂತು. ದಾದಾ ಅಲ್ಲ, ಅವನ ಪಕ್ಕದ ಮನೆಯವಳು. ದಾದಾನಿಗೆ ಲಕ್ವಾ ಹೊಡೆದಿತ್ತು. ಬಾಯಿ ಬಿದ್ದುಹೋಗಿತ್ತು. ತಂಗಿಯ ಹೆಸರು ಹೇಳಿದರೆ ಮಾತ್ರ ಕಣ್ಣು ತೆರೆಯುತ್ತಾನೆ, ಡಾಕ್ಟರು ಕೈಬಿಟ್ಟಿದ್ದಾರೆ, ಇರುವಾಗಲೇ ಬಂದು ಮುಖ ನೋಡಿ ಎಂದಳು. ಲೈನು ಕಡಿಯಿತು. ಹೊಳೆಯ ಸುದ್ದಿ ಕೇಳಬೇಕೆಂದು ಕಾಕಿಗೆ ಹೊಳೆಯಲೇ ಇಲ್ಲ. ಯಾರಿಗೆ ತಾನೇ ಹೊಳೆದೀತು?

"ಗಾಡಿ ತಗೊಂಡ ಬಾ ಬಾಳಾ. ಅವ ಇರೂತನಕ ನಾ ಅಲ್ಲೇ ಇರ್ತೇನಿ," ಎಂದಳು. ನಾನು ಅಥಣಿಗೆ ಓಡಿದೆ. ರಜೆ ನೋಡಿ, ಬಾಡಿಗೆ ಗಾಡಿಗಳೆಲ್ಲ ಹೋಗಿಬಿಟ್ಟಿದ್ದವು. ಅವರಿವರ ಕೈಕಾಲು ಹಿಡಿದು ಒಂದು ಗಾಡಿ ಹೊಂದಿಸಿಕೊಂಡು ತಿರುಗಿ ಬರುವಷ್ಟರಲ್ಲಿ ಮಧ್ಯಾಹ್ನ.

ಓಣಿಯೊಳಗೆ ಗಾಡಿ ಹೋಗಲಿಲ್ಲ. ಎದುರಿಗೆ ಎಮ್ಮೆ, ಟ್ರ್ಯಾಕ್ಟರು, ಗಾದಿಯ ಸುರುಳಿ, ಗ್ಯಾಸಿನ ಸಿಲಿಂಡರು, ಕೋಳಿ ಹಿಡಿದುಕೊಂಡ ಹೆಂಗಸರು. ಬಿಸಿಲು ರಣರಣ ಎನ್ನುತ್ತಿತ್ತು.

"ಏನಾತೋ?" ಎಂದೆ.

"ಅಲ್ಲೋ ಮಾರಾಯಾ, ನಿಮ್ಮ ಕಾಕಿ ಟ್ರಂಕ್ ಇಟ್ಟಾಳ! ನೀ ಎಲ್ಲಿ ಹಾಳಾಗಿ ಹೋಗಿದ್ದಿ?" ಎಂದ ಎದುರುಮನೆಯವನು.

ಗಾಡಿ ಅಲ್ಲೇ ಬಿಟ್ಟು ಮನೆಗೆ ಓಡಿದೆ. ಬಹಳ ದಿನ ಇರಬೇಕಾದೀತೆಂದು ಅವಳು ಚೀಲದ ಬದಲು ಟ್ರಂಕಿನಲ್ಲಿ ಸೀರೆ ತುಂಬಿಕೊಂಡಿದ್ದಳು. ಗಾಡಿ ಬರಲೆಂದು ಅದನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಷ್ಟೇ. ಯಾರೂ ಬಂದು ಕೇಳಿರಲಿಲ್ಲ. ಕೇಳುವ ಪದ್ಧತಿಯೇ ನಮ್ಮಲ್ಲಿರಲಿಲ್ಲವಲ್ಲ.

"ಕಾಕಿ, ನೀ ಭೋಜಕ್ಕ ಹೊಂಟೀ ಅಂತ ಇವ್ರಿಗೆ ಹೇಳಿ ಬರ್ತೇನಿ ತಡಿ," ಎಂದೆ.

ಅವಳು ನನ್ನ ಮುಂಗೈ ಹಿಡಿದಳು. "ಹೇಳಬ್ಯಾಡ. ಹೇಳಾವ ಹಾಸಗಿ ಹಿಡದಾನ. ನೀರ ಏರೈತೋ ಇಲ್ಲೋ, ಈಗ ನಮಗ್ಯಾರ ಹೇಳಬೇಕು? ಹೊಂಟಾರ, ಹೋಗ್ಲಿ ಬಿಡು."

"ನೀರ ಬರಲಿಲ್ಲಂದ್ರ?"

"ಬರಲಿಲ್ಲಂದ್ರ ನನ್ನ ಬೈತಾರ. ಬೈಸ್ಕೊಂಡ್ರ ಮೈಗೇನ ಹತ್ತತೈತಿ?"

"ಮತ್ತ ದಾದಾ?"

ಅವಳು ಓಣಿಯ ತುದಿಯಲ್ಲಿ ನಿಂತ ಗಾಡಿಯನ್ನು ನೋಡಿದಳು. ಕೊನೆಮನೆಯ ಮುದುಕಿ ಆಗಲೇ ಕೋಲು ಊರಿಕೊಂಡು ಬಂದು ನಮ್ಮ ಕಟ್ಟೆ ಹಿಡಿದು ನಿಂತಿದ್ದಳು. ಕಾಕಿ ನಡೆದರೆ ತಾನೂ ನಡೆಯುತ್ತೇನೆ, ಇಲ್ಲವಾದರೆ ಮನೆ ಬಿಡುವುದಿಲ್ಲ ಎಂದು ಅವಳ ಹಟ.

"ನಾ ಈಗ ಗಾಡಿ ಹತ್ತಿದ್ರ ಇವ್ರೆಲ್ಲಾ ತಿರುಗಿ ಮನಿ ಹೊಕ್ಕಾರ," ಎಂದಳು ಕಾಕಿ ಸಣ್ಣ ದನಿಯಲ್ಲಿ. "ಮುಂಜಾನೆದ್ದ ಹೋಗೂಣು. ಅಲ್ಲೀತನಕ ಅವ ಕಾಯ್ತಾನ."

ಮುದುಕಿಯ ಕೈ ಹಿಡಿದುಕೊಂಡು ಮಡ್ಡಿ ಹತ್ತಿದಳು. ಟ್ರಂಕು ನನ್ನ ಹೆಗಲ ಮೇಲಿತ್ತು.

ಮುಂಜಾನೆ ಸಾಲಿಯ ಬಾಗಿಲಲ್ಲಿ ನಿಂತು ನೋಡಿದರೆ ಹೊಲ ಯಾವುದು ಹೊಳೆ ಯಾವುದು ತಿಳಿಯುತ್ತಿರಲಿಲ್ಲ. ಜೋಕಾಲಿಯ ಹಲಗೆ ನೀರಿನ ಮೇಲೆ ತೇಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕಟ್ಟೆ ಮುಳುಗಿತು, ಸಂಜೆಗೆ ಬಾಗಿಲು. ನಮ್ಮ ಓಣಿಯಲ್ಲಿ ಒಂದು ಕರುವೂ ಸಾಯಲಿಲ್ಲ. ಆದರೆ ಕುಡಚಿ ಸೇತುವೆ ಮುಳುಗಿತ್ತು, ರಾಯಬಾಗ, ಚಿಕ್ಕೋಡಿಯ ದಾರಿ ಕಡಿದಿತ್ತು. ಕಾಗವಾಡದ ಕಡೆಯಿಂದ ಸುತ್ತಿ ಹೋಗೋಣವೆಂದರೆ ಅಲ್ಲಿಯೂ ರಸ್ತೆಯ ಮೇಲೆ ನೀರು. ಗಾಡಿಯವನು ಕೈಮುಗಿದು ಹೊರಟುಹೋದ. ಕಾಕಿ ಅವನನ್ನೂ ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಟ್ರಂಕಿನ ಮೇಲೆ ಕೂತು ಪಡುವಣ ದಿಕ್ಕಿನ ನೀರನ್ನೇ ನೋಡುತ್ತಿದ್ದಳು.

ಭಾನುವಾರ ದಾದಾ ಹೋದ ಸುದ್ದಿ ಬಂತು. ಹರಿದ ಕಿವಿಗೆ ಫೋನು ಒತ್ತಿಕೊಂಡು ಕೇಳಿದಳು. ಈ ಸಲ ಕೂಗಲಿಲ್ಲ. ಆಮೇಲೆ ಟ್ರಂಕು ತೆರೆದು, ಅಣ್ಣನಿಗೆಂದು ಕಟ್ಟಿದ್ದ ಉಂಡಿಗಳನ್ನು ತೆಗೆದು ಸಾಲಿಯಲ್ಲಿದ್ದ ಮಕ್ಕಳಿಗೆಲ್ಲ ಹಂಚಿದಳು. "ತಿನ್ರಿ, ಕೆಡ್ತಾವ," ಎನ್ನುತ್ತಿದ್ದಳು. ಕೊನೆಯದನ್ನು ನನ್ನ ಕೈಗೆ ಇಟ್ಟು, ನನ್ನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ನಾನೂ ಅತ್ತೆ.

ನೀರು ಇಳಿದು, ಕೆಸರು ಬಳಿದು, ಮನೆ ಹೊಕ್ಕ ಮೇಲೆ ಓಣಿಯವರೆಲ್ಲ ಕಾಯಿ, ಕುಬಸದ ಬಟ್ಟೆ ಹಿಡಿದು ಬಂದರು. "ನೀವಿದ್ದದ್ದಕ್ಕ ಉಳಿದಿವ್ರಿ ಕಾಕಿ," ಎಂದ ಎದುರುಮನೆಯವನು.

"ನಂದೇನೈತಪಾ. ಹೋಗೂ ಮುಂದ ದಾದಾ ಹೇಳಿ ಹ್ವಾದ," ಎಂದಳು ಕಾಕಿ.

ಅವರು ಹೋದ ಮೇಲೆ ನಾನು ತಡೆಯದೆ ಕೇಳಿದೆ. "ಸುಳ್ಳ ಯಾಕ ಹೇಳಿದಿ ಕಾಕಿ? ಅವಗ ಬಾಯೇ ಇರಲಿಲ್ಲ."

"ಸುಳ್ಳ ಎಲ್ಲಿ ಬಂತೋ ಮುಡದ್ಯಾ? ಅವ ಬಿದ್ದದ್ದಕ್ಕ ನಾ ಟ್ರಂಕ್ ಇಟ್ಟೆ. ಬ್ಯಾರೆ ಏನ ಹೇಳ್ಬೇಕಾಗಿತ್ತ ಅವ?" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ದನದ ಮನೆಗೆ ಹೋದಳು. ಟ್ರಂಕಿನ ಖರೆ ಸಂಗತಿ ನಮ್ಮಿಬ್ಬರಲ್ಲೇ ಉಳಿಯಿತು.

ಅಲ್ಲಿಂದ ಮುಂದೆ ಮೊಬೈಲಿಗೆ ಎಚ್ಚರಿಕೆ ಬಂದಾಗಲೆಲ್ಲ ಕಾಕಿ ಟ್ರಂಕು ಇಡತೊಡಗಿದಳು. ಒಂದೊಂದು ಸಲ ನೀರು ಬಂತು, ಬಹಳ ಸಲ ಬರಲಿಲ್ಲ. ಬರದಿದ್ದಾಗ ಜನ ಗೊಣಗುತ್ತ ಗಾದಿ ಹೊತ್ತು ಇಳಿಯುತ್ತಿದ್ದರು. ಅವಳು ತಲೆಯೆತ್ತಿಕೊಂಡೇ ಬೈಸಿಕೊಳ್ಳುತ್ತಿದ್ದಳು. ಭೋಜಕ್ಕೆ ಮಾತ್ರ ಮತ್ತೆ ಹೋಗಲಿಲ್ಲ. ಪಂಚಮಿಯ ದಿನ ಕಟ್ಟೆಯ ಮೇಲೆ ಕೂತು, ಬಸಿಯಲ್ಲಿ ಚಾ ಆರಿಸಿಕೊಂಡು ಒಬ್ಬಳೇ ಕುಡಿಯುತ್ತಿದ್ದಳು.

ಹೋದ ಚಳಿಗಾಲದಲ್ಲಿ ಕಾಕಿ ತೀರಿಕೊಂಡಳು. ಎಮ್ಮೆಗೆ ಮೇವು ಹಾಕಿ ಬಂದು ಮಲಗಿದವಳು ಏಳಲಿಲ್ಲ.

ಮೊನ್ನೆ ಮತ್ತೆ ಸಾಲು ರಜೆ. ಮತ್ತೆ ಘಟ್ಟದಲ್ಲಿ ಮಳೆ ಎಂಬ ಸುದ್ದಿ. ಎಲ್ಲರ ಕಿಸೆಯಲ್ಲೂ ಮೊಬೈಲುಗಳು ಒಟ್ಟಿಗೇ ಒದರಿದವು. ಓದಿದರು, ಮತ್ತೆ ಕಿಸೆಗೆ ಇಟ್ಟುಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬಂದು ನಮ್ಮ ಮನೆಯ ಮುಂದೆ ನಿಂತರು. ಯಾರೂ ಏನೂ ಕೇಳಲಿಲ್ಲ, ಖಾಲಿ ಕಟ್ಟೆಯನ್ನೇ ನೋಡುತ್ತಿದ್ದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ನಾನು ಒಳಗೆ ಹೋಗಿ ಮಂಚದ ಕೆಳಗಿನಿಂದ ಟ್ರಂಕು ಎಳೆದೆ. ಅವಳ ಸೀರೆಗಳು, ದಾದಾನ ಟವೆಲ್ಲು, ಟೋಪಿ ಇನ್ನೂ ಅದರಲ್ಲೇ ಇದ್ದವು. ದರದರ ಎಳೆದುಕೊಂಡು ಬಂದು ಕಟ್ಟೆಯ ಮೇಲೆ ಇಟ್ಟೆ.

"ನೀರ ಬರಲಿಲ್ಲಂದ್ರ?" ಎಂದ ಎದುರುಮನೆಯವನು.

"ಬರಲಿಲ್ಲಂದ್ರ ನನ್ನ ಬೈರಿ," ಎಂದೆ.

ಅವನು ಹೋಗಿ ಎಮ್ಮೆಯ ಹಗ್ಗ ಬಿಚ್ಚಿದ.