ಅಣ್ಣ ಎರೆದ ಧಾರೆ

ಗಾಯ ಮಾಗಿದೆ ಎಂದೇ ನಾವು ನಂಬಿದ್ದೆವು. ಬರ್ಮಾದ ಯುದ್ಧದಿಂದ ಬೋಳಾರದ ಮನೆಗೆ ಮರಳಿದ ಅಣ್ಣನ ಎಡಗಿವಿಯ ಮೇಲೆ ಉದ್ದನೆಯ ಕಲೆಯೊಂದು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಗಂಜಿಯ ಬಟ್ಟಲು ಅವನ ಬಲಗೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು.

ನನ್ನ ಹೆಸರು ಅವನ ಬಾಯಿಗೆ ಬರಲಿಲ್ಲ.

ಮಿಲಿಟರಿ ಡಾಕ್ಟರು ಬ್ರೇನ್ ಇಂಜುರಿ ಎಂದಿದ್ದರು. ಬೆಳಗ್ಗಿನದು ಮಧ್ಯಾಹ್ನಕ್ಕೆ ಮರೆಯಬಹುದು. ಕೈಗೆ ವರ್ಷಗಟ್ಟಲೆ ಎಕ್ಸರ್‌ಸೈಜ್ ಬೇಕು, ಕೆಲಸವನ್ನೆಲ್ಲ ಅವರಿಂದಲೇ ಮಾಡಿಸಿ ಎಂದಿದ್ದರು. ನಾವು ಕೇಳಬೇಕಲ್ಲ! ಅವನು ಚೆಂಬಿಗೆ ಕೈ ಹಾಕಿದರೆ ಮನೆಮಂದಿಯೆಲ್ಲ ಓಡುತ್ತಿದ್ದೆವು. ನೇತ್ರಾವತಿಯನ್ನು ಈಜಿ ದಾಟುತ್ತಿದ್ದವ, ನನ್ನ ಮಗಳು ಕಮಲ ಪುಟ್ಟವಳಿದ್ದಾಗ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹರಟುತ್ತ ಹಂಪನಕಟ್ಟೆಯವರೆಗೂ ನಡೆಯುತ್ತಿದ್ದವ. ಆ ಅಣ್ಣ ಎಲ್ಲಿಗೆ ಹೋದ ಎಂದು ಹಿತ್ತಲಲ್ಲಿ ನಿಂತು ಅತ್ತಿದ್ದೇನೆ.

ಅಷ್ಟರಲ್ಲಿ ಕಮಲಳ ಮದುವೆ ನಿಶ್ಚಯವಾಯಿತು. ನಮ್ಮದು ಅಳಿಯಕಟ್ಟಿನ ಮನೆ. ಧಾರೆ ಎರೆಯಬೇಕಾದವನು ಹುಡುಗಿಯ ಅಪ್ಪನಲ್ಲ, ಹಿರಿಯ ಸೋದರಮಾವ. ಗಿಂಡಿ ಕೈಜಾರಿದರೆ ಅಪಶಕುನ, ಈ ಸಲ ಅವನ ತಮ್ಮನೇ ಎರೆಯಲಿ ಎಂದು ಹಿರಿಯರು ತೀರ್ಮಾನಿಸಿದರು. ಅಣ್ಣ ಚಾವಡಿಯ ಮೂಲೆಯಲ್ಲಿ ಕೂತು ಕೇಳುತ್ತಿದ್ದ.

"ನಾನು ಇನ್ನೂ ಸಾಯ್ಲಿಲ್ಲ ಮಾರಾಯ್ರೆ," ಎಂದ.



ಮರುದಿನದಿಂದ ಗಿಂಡಿಯನ್ನು ಅವನ ಕೈಗೇ ಕೊಟ್ಟೆ. ತುಳಸಿಗೆ ಎರೆದ, ಬಸಳೆಯ ಬುಡಕ್ಕೆ ಎರೆದ, ಕಡೆಗೆ ಬರೀ ಅಂಗಳಕ್ಕೂ ಎರೆದ. ಬಸಳೆ ಕೊಳೆತರೆ ಮದುವೆಗೆ ಪಲ್ಯವೇ ಇಲ್ಲ ಎಂದು ತಮ್ಮ ಗೇಲಿ ಮಾಡಿದಾಗ ಅಣ್ಣ ನಕ್ಕ. ಯುದ್ಧಕ್ಕೆ ಹೋಗುವ ಮೊದಲಿನ ಅದೇ ನಗು. ನನಗೆ ಅಷ್ಟೇ ಸಾಕಿತ್ತು.

ಕಡೆಗೆ ಹಿರಿಯರೂ ಒಪ್ಪಿದರು. ಧಾರೆಯ ಹೊತ್ತಿಗೆ ಅಣ್ಣನ ಕೈಯಲ್ಲಿ ಗಿಂಡಿ ನಡುಗಿತು. ಅರ್ಧ ನೀರು ಮದುಮಗನ ತೊಡೆಯ ಮೇಲೂ ಅಣ್ಣನ ಶಲ್ಯದ ಮೇಲೂ ಚೆಲ್ಲಿತು. ಉಳಿದದ್ದು ಮದುಮಕ್ಕಳಿಬ್ಬರ ಕೈಗಳ ಮೇಲೆಯೇ ಬಿತ್ತು. ಗಿಂಡಿ ಜಾರಲಿಲ್ಲ.

ಊಟಕ್ಕೆ ಕೂತಾಗ ಅಣ್ಣ ನನ್ನನ್ನು ಹತ್ತಿರ ಕರೆದು, ಇದು ಯಾರ ಮದುವೆ ಎಂದು ಕೇಳಿದ. ನಮ್ಮ ಕಮಲಳದ್ದು ಎಂದೆ. ಅವನು ಗಾಬರಿಯಿಂದ ಎಲೆ ಬಿಟ್ಟು ಏಳಹೊರಟ.

"ಹಾಗಾದ್ರೆ ಧಾರೆ ನಾನೇ ಎರೆಯಬೇಕಲ್ಲ?"

"ಎರೆದಾಯ್ತು ಅಣ್ಣ. ನೀನೇ ಎರೆದದ್ದು."

ಒದ್ದೆ ಶಲ್ಯವನ್ನು ಮುಟ್ಟಿ ನೋಡಿಕೊಂಡ. ಮೆಲ್ಲನೆ ಕೂತು ಊಟ ಮಾಡಿದ.

ಈಗಲೂ ಆಗಾಗ ಕೇಳುತ್ತಾನೆ. ಹೇಳುತ್ತೇನೆ. ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ಸಂತೋಷಪಡುತ್ತಾನೆ.